ಥಾಯ್ ಬಾಗಿಲಲ್ಲಿ ಚಪ್ಪಲಿ, ಒಳಗೆ ಕಾಲು: ಅಲ್ಲಿ ನೆಲೆಸುವವರಿಗೊಂದು ಕೈಪಿಡಿ

ಕೆಲಸದ ಮೇಲೆ ಥಾಯ್ಲೆಂಡಿನ ಬ್ಯಾಂಕಾಕಿಗೋ ಚಿಯಾಂಗ್ ಮಾಯ್‌ಗೋ ಹೋಗಿ ನೆಲೆಸುವ ಕನ್ನಡಿಗರಿಗೆ ಚಪ್ಪಲಿಯ ಬಗ್ಗೆ ಯಾರೂ ಪಾಠ ಹೇಳುವುದಿಲ್ಲ. ಮನೆಯೊಳಗೆ ಹಾಕಬಾರದು, ದೇವಸ್ಥಾನದಲ್ಲಿ ಬಿಡಬೇಕು, ಇನ್ನೊಬ್ಬರಿಗೆ ಕಾಲು ತಗುಲಿಸಬಾರದು ಎಂಬುದೆಲ್ಲ ನಮಗೆ ಹುಟ್ಟಿನಿಂದಲೇ ಗೊತ್ತು. ತೊಡಕು ಇರುವುದೂ ಅಲ್ಲೇ. ಏನೂ ಗೊತ್ತಿಲ್ಲದ ಯುರೋಪಿನವರು ಪ್ರತಿ ಬಾಗಿಲಲ್ಲೂ ನಿಂತು, ಅಕ್ಕಪಕ್ಕ ನೋಡಿ ಒಳಗೆ ಹೋಗುತ್ತಾರೆ. ನಾವು ಗೊತ್ತಿದೆಯೆಂಬ ಧೈರ್ಯದಲ್ಲಿ ನೇರ ನಡೆದುಬಿಡುತ್ತೇವೆ. ಆದರೆ ಥಾಯ್ ಜನ ಗೆರೆ ಎಳೆದಿರುವುದು ನಾವು ಎಳೆದ ಜಾಗದಲ್ಲಲ್ಲ. ದೇವಸ್ಥಾನದ ಅಂಗಳದಲ್ಲಿ ಅವರು ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾರೆ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಬಿಡುತ್ತಾರೆ. ಇನ್ನು ಚಪ್ಪಲಿ ಬಿಟ್ಟ ಮೇಲೆ ಕಾಲನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಂತೂ ಅವರು ನಮಗಿಂತ ಬಹಳ ಬಿಗಿ.

ಹಾಗಾಗಿ ಅಲ್ಲಿಗೆಂದು ಚಪ್ಪಲಿ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಬಗ್ಗದೆ, ಕೈ ಹಾಕದೆ, ಎಷ್ಟು ಬೇಗ ಕಳಚಬಹುದು? ನಡೆಯಲು ಎಷ್ಟು ಹಿತ ಎಂಬುದು ಅದರ ನಂತರದ ಮಾತು.

ಎಲ್ಲಿ ಬಿಡಬೇಕು, ಎಲ್ಲಿ ಬೇಡ

ಮನೆ ಎಂದರೆ ಯಾವ ಮನೆಯಾದರೂ ಸರಿ, ಬಿಡಲೇಬೇಕು. ಬಾಡಿಗೆ ಕೋಣೆ, ಗೆಳೆಯರ ಫ್ಲ್ಯಾಟ್, ಮೇಲಧಿಕಾರಿಯ ಬಂಗಲೆ, ಎಲ್ಲಕ್ಕೂ ಒಂದೇ ನಿಯಮ. ವಿದೇಶಿಯರೆಂಬ ದಾಕ್ಷಿಣ್ಯಕ್ಕೆ ಮನೆಯವರು ‘ಪರವಾಗಿಲ್ಲ, ಹಾಕಿಕೊಂಡೇ ಬನ್ನಿ’ ಎನ್ನಬಹುದು. ಆಗ ಅವರ ಮಾತು ಕೇಳಬೇಡಿ, ಅವರ ಕಾಲು ನೋಡಿ. ಅವರು ಬರಿಗಾಲಲ್ಲಿದ್ದರೆ ನೀವೂ ಬರಿಗಾಲಾಗಬೇಕು.

ಮನೆಯ ಆಚೆಗೆ ಬಿಡಬೇಕಾದ ಕಡೆಗಳು: ಮಸಾಜ್ ಅಂಗಡಿ, ಸಣ್ಣ ಕ್ಲಿನಿಕ್, ಹಲ್ಲಿನ ಡಾಕ್ಟರು, ಅನೇಕ ಗೆಸ್ಟ್‌ಹೌಸ್‌ಗಳು, ಶಾಲೆಯ ತರಗತಿಗಳು, ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡ ಹಳ್ಳಿಯ ದುಕಾನು, ನಾಲ್ಕೈದು ಜನ ಕೂರುವ ಸಣ್ಣ ಕಚೇರಿ. ಬೇಡದ ಕಡೆಗಳು: ಮಾಲ್, ಬ್ಯಾಂಕ್, ದೊಡ್ಡ ಆಸ್ಪತ್ರೆ, ಹೋಟೆಲಿನ ಲಾಬಿ, ಮೇಜು ಕುರ್ಚಿಯ ಊಟದ ಹೋಟೆಲು, ಸೆವೆನ್ ಇಲೆವೆನ್‌ನಂಥ ಅಂಗಡಿ. ಈ ಎರಡರ ನಡುವೆ ಎಲ್ಲಿ ಅನುಮಾನ ಬಂದರೂ ಬಾಗಿಲ ಹೊರಗೆ ಕಣ್ಣು ಹಾಯಿಸಿ. ಜೋಡಿ ಜೋಡಿ ಚಪ್ಪಲಿ ಬಿದ್ದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಹೊರಗೆ ಏನೂ ಇಲ್ಲದಿದ್ದರೆ ಒಳಗಿನ ನೆಲ ನೋಡಿ. ಹೊರಗಿನ ನೆಲಕ್ಕಿಂತ ಒಂದು ಗೇಣು ಎತ್ತರದಲ್ಲಿ ಹೊಳೆಯುವ ಟೈಲ್ಸ್ ಅಥವಾ ಮರದ ಹಾಸು ಕಂಡರೆ, ಬಿಡಬೇಕು ಎಂದೇ ತಿಳಿದುಕೊಳ್ಳಿ.

ಅದೂ ತಿಳಿಯದಿದ್ದರೆ ಕೇಳಿಬಿಡಿ. ಗಂಡಸರು ‘ತೊಂಗ್ ಥೊತ್ ರೊಂಗ್‌ಥಾವ್ ಮಾಯ್ ಖ್ರಪ್’ ಎನ್ನಬೇಕು, ಹೆಂಗಸರು ಕೊನೆಯ ಖ್ರಪ್ ಬದಲು ‘ಖ’ ಎನ್ನಬೇಕು. ಚಪ್ಪಲಿ ಬಿಡಬೇಕೇ ಎಂದು ಅರ್ಥ. ‘ಮಾಯ್ ತೊಂಗ್’ ಎಂದರೆ ಬೇಡ ಎಂದು. ಉಳಿದ ಯಾವ ಉತ್ತರ ಬಂದರೂ, ಅದು ಅರ್ಥವಾಗದಿದ್ದರೂ, ಬಿಟ್ಟರೆ ನಷ್ಟವೇನಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಒಂದು ಎಚ್ಚರ. ನಮ್ಮಲ್ಲಿ ಮನೆಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಡುವುದು ಸಾಮಾನ್ಯ. ಬ್ಯಾಂಕಾಕಿನ ಬಹಳಷ್ಟು ಕಾಂಡೋಗಳಲ್ಲಿ ಕಾರಿಡಾರಿನಲ್ಲಿ ಏನನ್ನೂ ಇಡಬಾರದೆಂಬ ನಿಯಮವಿದೆ. ಬಾಗಿಲ ಒಳಗೆ ಎರಡಡಿ ಜಾಗ ಬಿಟ್ಟು, ಅಲ್ಲೊಂದು ರಬ್ಬರ್ ಮ್ಯಾಟ್ ಹಾಕಿ, ಅಲ್ಲೇ ಕಳಚಿ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ನಿಯಮ ಕೇಳಿಕೊಳ್ಳುವುದು ಒಳ್ಳೆಯದು.

ಕಳಚುವ ಕ್ರಮ

ಇದರಲ್ಲೇನು ಕ್ರಮ ಎನಿಸಬಹುದು. ಆದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಉದ್ದೇಶ ಇಷ್ಟೇ: ಚಪ್ಪಲಿ ಒಳಗಿನ ನೆಲಕ್ಕೆ ತಾಗಬಾರದು, ಬರಿಗಾಲು ಹೊರಗಿನ ನೆಲಕ್ಕೆ ತಾಗಬಾರದು. ಹೊರಗೆ ಚಪ್ಪಲಿ ಬಿಟ್ಟು, ದೂಳಿನಲ್ಲಿ ಎರಡು ಹೆಜ್ಜೆ ಬರಿಗಾಲಲ್ಲಿ ನಡೆದು ಒಳಗೆ ಹೋದರೆ ಬಿಟ್ಟೂ ಪ್ರಯೋಜನವಿಲ್ಲ. ಮೆಟ್ಟಿಲ ಅಂಚಿಗೆ ತೀರ ಹತ್ತಿರ ನಿಲ್ಲಿ. ಒಂದು ಕಾಲು ಕಳಚಿ ನೇರ ಒಳಗಿನ ನೆಲದ ಮೇಲಿಡಿ. ಅದರ ಮೇಲೆ ಭಾರ ಹಾಕಿ ಇನ್ನೊಂದನ್ನು ಕಳಚಿ. ಆಮೇಲೆ ಬಗ್ಗಿ, ಕೈಯಿಂದ ಜೋಡಿಯನ್ನು ಪಕ್ಕಕ್ಕೆ ಸರಿಸಿ, ಬಾಗಿಲ ದಾರಿ ಬಿಡಿಸಿ. ಕಾಲಿನಿಂದ ತಳ್ಳಿ ಸರಿಸುವುದು ನೋಡುವವರಿಗೆ ಒರಟಾಗಿ ಕಾಣುತ್ತದೆ. ಬೇರೆಯವರ ಚಪ್ಪಲಿ ತುಳಿದು ದಾಟಬೇಡಿ. ರಾಶಿ ದೊಡ್ಡದಿದ್ದರೆ ನಿಮ್ಮದನ್ನು ಅಂಚಿನಲ್ಲಿ ಬಿಡಿ.

ಕಾಲೊರಸು ಹೊರಗಿನದೋ ಒಳಗಿನದೋ ಎಂಬುದು ಇನ್ನೊಂದು ಗೊಂದಲ. ಬಟ್ಟೆಯದು, ಮೆತ್ತನೆಯದು, ಬಾಗಿಲಿಗೆ ಅಂಟಿಕೊಂಡಿರುವುದು ಸಾಮಾನ್ಯವಾಗಿ ಬರಿಗಾಲಿನದು, ಚಪ್ಪಲಿಯಲ್ಲಿ ಅದನ್ನು ತುಳಿಯಬಾರದು. ತೆಂಗಿನ ನಾರಿನದು ಅಥವಾ ರಬ್ಬರಿನದಾದರೆ ಹೊರಗಿನದು.

ಈಶಾನ್ಯ ಭಾಗವಾದ ಇಸಾನ್ ಮತ್ತು ಉತ್ತರದ ಹಳ್ಳಿಗಳಲ್ಲಿ ಕಂಬದ ಮೇಲೆ ಎತ್ತರಿಸಿ ಕಟ್ಟಿದ ಹಳೆಯ ಮರದ ಮನೆಗಳಿವೆ. ಅಲ್ಲಿ ಚಪ್ಪಲಿ ಏಣಿಮೆಟ್ಟಿಲ ಬುಡದಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ನೀರಿನ ಹರವಿಯೂ ಚೊಂಬೂ ಇದ್ದರೆ ಕಾಲು ತೊಳೆದುಕೊಂಡು ಹತ್ತಿ. ಮನೆಯ ಅಡಿಯಲ್ಲಿರುವ ಬಿದಿರಿನ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಚಪ್ಪಲಿ ಇರಬಹುದು, ಕಾಲು ಮೇಲೆತ್ತುವುದಾದರೆ ಮೊದಲು ಕಳಚಬೇಕು. ಊಟಕ್ಕೆ ಚಾಪೆ ಹಾಸಿದ್ದರೆ ಚಾಪೆಯ ಅಂಚೇ ಗೆರೆ. ಚಾಪೆಯ ಮೇಲೂ ಊಟದ ತಟ್ಟೆಗಳನ್ನು ದಾಟಿ ನಡೆಯದೆ ಕೂತವರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ. ಹಿರಿಯರ ಎದುರು ಹಾಯುವಾಗ ಭುಜ ತುಸು ಬಗ್ಗಿಸಿ.

ಹೊರಡುವಾಗಿನ ಕೆಲಸವೂ ಒಂದಿದೆ: ಹೊರಗೆ ಬಿಟ್ಟಿದ್ದ ಶೂ ಹಾಕುವ ಮುನ್ನ ಬೋರಲು ಹಾಕಿ ಎರಡು ಸಲ ತಟ್ಟಿ. ಮಳೆಗಾಲದಲ್ಲಿ ಜರಿ ಮತ್ತು ಚೇಳು ಮುಚ್ಚಿದ ಶೂವಿನೊಳಗೆ ಸೇರಿಕೊಳ್ಳುತ್ತವೆ, ಅಲ್ಲಿನ ಜರಿ ಕಡಿದರೆ ನೋವು ಸಣ್ಣದಲ್ಲ. ಮಲೆನಾಡಿನವರಿಗೆ ಇದನ್ನು ಹೇಳಬೇಕಿಲ್ಲ.

ದೇವಾಲಯಗಳು

ನಮ್ಮ ದೇವಸ್ಥಾನದಲ್ಲಿ ಚಪ್ಪಲಿ ಮಹಾದ್ವಾರದ ಹೊರಗೇ ಉಳಿಯುತ್ತದೆ. ಥಾಯ್ ವಾಟ್‌ನಲ್ಲಿ (ಬೌದ್ಧ ದೇವಾಲಯದಲ್ಲಿ) ಅಂಗಳ, ತೋಟ, ಹಾದಿ ಎಲ್ಲಕ್ಕೂ ಚಪ್ಪಲಿ ನಡೆಯುತ್ತದೆ. ಬುದ್ಧನ ಮೂರ್ತಿ ಇರುವ ಕಟ್ಟಡದ ಬಾಗಿಲಲ್ಲಿ ಮಾತ್ರ ಬಿಡಬೇಕು. ಭಕ್ತಿಯಿಂದ ಗೇಟಿನಲ್ಲೇ ಬಿಟ್ಟು ಏಪ್ರಿಲ್ ಬಿಸಿಲಿನ ಕಲ್ಲುಹಾಸಿನ ಮೇಲೆ ನಡೆದರೆ ಅಂಗಾಲು ಬೊಬ್ಬೆ ಬರುತ್ತದೆ. ಇದಕ್ಕೆ ಹೊರತಾದ ಜಾಗಗಳೂ ಇವೆ: ಚಿಯಾಂಗ್ ಮಾಯ್‌ನ ದೋಯ್ ಸುಥೇಪ್‌ನಲ್ಲಿ ಚಿನ್ನದ ಚೇದಿಯ (ಸ್ತೂಪದ) ಸುತ್ತಲಿನ ಒಳ ಪ್ರಾಕಾರವಿಡೀ ಬರಿಗಾಲು. ಬಯಲಿನ ಅಮೃತಶಿಲೆ, ಆದ್ದರಿಂದ ಬೆಳಗ್ಗೆ ಒಂಬತ್ತರೊಳಗೆ ಹೋದರೆ ಹಿತ. ಥಾಯ್ ದೇವಾಲಯಗಳಲ್ಲಿ ಸಾಕ್ಸ್ ಹಾಕಬಹುದು. ಬಿಸಿ ನೆಲಕ್ಕೆ ದಪ್ಪ ಹತ್ತಿಯ ಒಂದು ಜೋಡಿ ಚೀಲದಲ್ಲಿಟ್ಟುಕೊಳ್ಳಿ. ಆದರೆ ಗಡಿಯಾಚೆ ಮ್ಯಾನ್ಮಾರಿಗೆ ಹೋದರೆ ಅಲ್ಲಿನ ಪಗೋಡಗಳಲ್ಲಿ ಸಾಕ್ಸೂ ಸಲ್ಲದು.

ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ. ಅದನ್ನು ತುಳಿಯದೆ ದಾಟಬೇಕು. ನಮ್ಮಲ್ಲೂ ಹೊಸ್ತಿಲು ತುಳಿಯಬಾರದೆಂದಿದೆ, ಆದರೆ ನಗರದ ಮನೆಗಳಲ್ಲಿ ಹೊಸ್ತಿಲೇ ಮಾಯವಾಗಿ ಅಭ್ಯಾಸ ತಪ್ಪಿದೆ. ಬ್ಯಾಂಕಾಕಿನ ವಾಟ್ ಫ್ರಾ ಕೇವ್‌ನಂಥ ಕಡೆ ಜನಜಂಗುಳಿಯಲ್ಲಿ ಕಾಲು ಅದರ ಮೇಲೆ ಬೀಳುವುದು ಸುಲಭ, ದೃಷ್ಟಿ ಕೆಳಗಿರಲಿ.

ಅದೇ ಊರಿನ ವಾಟ್ ಫೊದಲ್ಲಿ ಮಲಗಿದ ಬುದ್ಧನ ಮಂದಿರಕ್ಕೆ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವುದರಿಂದ ಚಪ್ಪಲಿ ಹೊತ್ತುಕೊಳ್ಳಲು ಚೀಲ ಕೊಡುತ್ತಾರೆ. ಚೀಲವನ್ನು ಮೊಣಕಾಲ ಮಟ್ಟದಲ್ಲಿ ಹಿಡಿಯಿರಿ, ಬೆನ್ನಚೀಲದ ಮೇಲ್ಭಾಗಕ್ಕೆ ತುರುಕಬೇಡಿ. ಕೂತಾಗ ಪಕ್ಕದಲ್ಲಿಡಿ, ಮೂರ್ತಿಯ ಕಡೆಗಲ್ಲ. ಅದೇ 46 ಮೀಟರ್ ಉದ್ದದ ಬುದ್ಧನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆಯಲ್ಲಿ 108 ಮಂಗಳ ಚಿಹ್ನೆಗಳಿವೆ. ಕಾಲನ್ನು ದೇಹದ ಅತಿ ಕೀಳು ಭಾಗವೆಂದು ಎಣಿಸುವ ನಾಡು ಬುದ್ಧನ ಪಾದಕ್ಕೆ ಮಾತ್ರ ಇಷ್ಟು ಕುಸುರಿ ಮಾಡಿದೆ. ನೋಡಿದವರಿಗೆ ಅಲ್ಲಿನ ಲೆಕ್ಕಾಚಾರ ಸ್ವಲ್ಪ ತಿಳಿಯುತ್ತದೆ.

ಬ್ಯಾಂಕಾಕಿನ ಸಿಲೋಮ್‌ನ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನದಲ್ಲಿ ನಮ್ಮ ಪದ್ಧತಿಯೇ. ರಾಚಪ್ರಸೊಂಗ್ ವೃತ್ತದ ಎರವಾನ್ ಗುಡಿಯಲ್ಲಿ ನಾಲ್ಕು ಮುಖದ ಬ್ರಹ್ಮನೇ ಇದ್ದರೂ ಅದು ಬಯಲ ಗುಡಿ. ಬಹಳ ಜನ ಚಪ್ಪಲಿಯಲ್ಲೇ ನಿಂತು ಊದುಬತ್ತಿ ಹಚ್ಚುತ್ತಾರೆ, ಮಂಡಿಯೂರುವವರು ಬಿಡುತ್ತಾರೆ.

ಮುಂಜಾನೆ ಭಿಕ್ಷುಗಳಿಗೆ ಅನ್ನ ನೀಡಲು ನಿಂತರೆ ಚಪ್ಪಲಿ ಕಳಚಬೇಕು, ಏಕೆಂದರೆ ಭಿಕ್ಷುಗಳು ಬರಿಗಾಲಲ್ಲಿ ಬರುತ್ತಾರೆ. ಇಲ್ಲಿ ಬಹಳ ಜನ ಮಾಡುವ ತಪ್ಪು, ಕಳಚಿದ ಚಪ್ಪಲಿಯ ಮೇಲೆಯೇ ಕಾಲಿಟ್ಟು ನಿಲ್ಲುವುದು. ಭಿಕ್ಷುಗಿಂತ ಎತ್ತರದಲ್ಲಿ ನಿಂತಂತೆಯೂ ಆಯಿತು, ಚಪ್ಪಲಿ ಬಿಡದಂತೆಯೂ ಆಯಿತು. ಜೋಡಿಯನ್ನು ಹಿಂದಕ್ಕೆ ಸರಿಸಿ ನೆಲದ ಮೇಲೆ ನಿಲ್ಲಿ. ಹೆಂಗಸರು ಭಿಕ್ಷುವನ್ನು ಮುಟ್ಟುವಂತಿಲ್ಲ, ಆದ್ದರಿಂದ ಪಾದಮುಟ್ಟಿ ನಮಸ್ಕಾರದ ಯೋಚನೆಯೂ ಬೇಡ.

ಪಾದಮುಟ್ಟುವ ವಿಷಯ ಬಂದಿದ್ದರಿಂದ: ಗೆಳೆಯರ ಮನೆಯಲ್ಲಿ ಅಜ್ಜ ಅಜ್ಜಿಯ ಕಾಲಿಗೆ ನಮ್ಮ ರೂಢಿಯಂತೆ ಎರಗಿದರೆ ಅವರು ಗಾಬರಿಯಾಗುತ್ತಾರೆ. ಅಲ್ಲಿ ಹೆತ್ತವರ ಪಾದಕ್ಕೆ ಬಾಗುವುದು ಉಂಟು, ಆದರೆ ವಿಶೇಷ ದಿನಗಳಲ್ಲಿ, ಸ್ವಂತ ಮಕ್ಕಳು ಮಾಡುವಂಥದ್ದು. ಭೇಟಿಯಾದಾಗ ಕೈಜೋಡಿಸಿ, ತಲೆ ಬಾಗಿಸಿ ವಾಯ್ ಮಾಡಿದರೆ ಸಾಕು. ಹಾಗೆಯೇ ಯಾರಿಗಾದರೂ ಕಾಲು ತಗುಲಿದರೆ ಅವರ ಮೈಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಡಿ, ನಮ್ಮ ಆ ಕ್ಷಮೆ ಅವರಿಗೆ ಅರ್ಥವಾಗುವುದಿಲ್ಲ. ‘ಖೊ ಥೊತ್’ (ಕ್ಷಮಿಸಿ) ಎಂದು ವಾಯ್ ಮಾಡಿ.

ಕಳಚಿದ ಮೇಲೆ ಕಾಲು

ನೆಲದ ಮೇಲೆ ಕೂರುವುದು ನಮಗೆ ಕಷ್ಟವಲ್ಲ. ಊಟಕ್ಕೆ, ಹರಟೆಗೆ ಚಕ್ಕಳಮಕ್ಕಳ ನಡೆಯುತ್ತದೆ. ಭಿಕ್ಷುಗಳ ಎದುರು, ಬುದ್ಧನ ಎದುರು, ಹಿರಿಯರ ಸಮಾರಂಭಗಳಲ್ಲಿ ಮಾತ್ರ ‘ಫಪ್ ಫಿಯಪ್’ ಎಂಬ ಭಂಗಿ ಬೇಕು: ಎರಡೂ ಕಾಲನ್ನು ಒಂದೇ ಬದಿಗೆ ಮಡಿಸಿ, ಒಂದು ಪೃಷ್ಠದ ಮೇಲೆ ಭಾರ ಹಾಕಿ, ಪಾದಗಳು ಹಿಂದಕ್ಕೆ ಹೋಗುವಂತೆ ಕೂರುವುದು. ಮೊದಲು ಮಂಡಿಯೂರಿ, ಆಮೇಲೆ ಸೊಂಟವನ್ನು ಒಂದು ಬದಿಗೆ ಇಳಿಸಿ. ಭಿಕ್ಷುಗಳು ಎಡಕ್ಕಿದ್ದರೆ ಪಾದಗಳು ಬಲಕ್ಕೆ ಹೋಗಬೇಕು.

ಅಭ್ಯಾಸವಿಲ್ಲದವರಿಗೆ ಐದೇ ನಿಮಿಷಕ್ಕೆ ಜೋಮು ಹಿಡಿಯುತ್ತದೆ. ಮಂತ್ರಪಠಣ ಅರ್ಧ ಗಂಟೆ ದಾಟಬಹುದು. ಬದಿ ಬದಲಿಸುವುದಕ್ಕೆ ಅಡ್ಡಿಯಿಲ್ಲ, ಬದಲಿಸುವ ದಾರಿ ಮುಖ್ಯ. ಕೈಯನ್ನು ನೆಲಕ್ಕೂರಿ ಸೊಂಟ ಎತ್ತಿ, ಮಂಡಿಯ ಮೇಲೆ ಬಂದು, ಪಾದಗಳನ್ನು ಬೆನ್ನ ಹಿಂದೆಯೇ ಇನ್ನೊಂದು ಬದಿಗೆ ಹಾಯಿಸಿ, ಮತ್ತೆ ಕೂರಿ. ಕಾಲನ್ನು ಮುಂದಕ್ಕೆ ಚಾಚಿ ತಿರುಗಿಸಿದರೆ ಅಂಗಾಲು ನೇರ ಮೂರ್ತಿಗೆ ಮುಖಮಾಡುತ್ತದೆ, ಎಲ್ಲರೂ ನೋಡುವುದು ಅದನ್ನೇ. ಜೋಮು ಹಿಡಿದ ಕಾಲಲ್ಲಿ ತಟಕ್ಕನೆ ಎದ್ದು ಬೀಳಬೇಡಿ. ಬೆರಳು ಆಡಿಸಿ, ಅರ್ಧ ನಿಮಿಷ ಮಂಡಿಯ ಮೇಲಿದ್ದು ಏಳಿ. ಬಿಗಿ ಜೀನ್ಸ್‌ನಲ್ಲಿ ಈ ಭಂಗಿ ಅಸಾಧ್ಯ, ಸಡಿಲ ಪ್ಯಾಂಟೋ ಉದ್ದ ಲಂಗವೋ ಇರಲಿ. ಮಂಡಿನೋವು ಇದ್ದರೆ ಹಿಂದಿನ ಸಾಲಿನಲ್ಲಿ ಕುರ್ಚಿ ಕೇಳಿ, ‘ಕಾವ್ ಈ’ ಎಂದರೆ ಕುರ್ಚಿ. ಸಂಕೋಚ ಬೇಡ, ಅಲ್ಲಿನ ಮುದುಕರೂ ಕುರ್ಚಿಯಲ್ಲೇ ಕೂರುತ್ತಾರೆ.

ಕುರ್ಚಿಯಲ್ಲಿದ್ದಾಗ ಮೊಣಕಾಲ ಮೇಲೆ ಇನ್ನೊಂದು ಕಾಲಿನ ಹರಡು ಹಾಕಿ ಅಂಗಾಲನ್ನು ಪಕ್ಕದವರಿಗೆ ತೋರಿಸುವುದು ಅಸಭ್ಯ. ಮಾತಾಡುತ್ತ ಕಾಲು ಅಲುಗಿಸುವ ನಮ್ಮ ಚಾಳಿಯೂ ಅಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಎದುರಿನ ಖಾಲಿ ಸೀಟಿನ ಮೇಲೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬೇಡಿ. ಮಲಗಿದವರನ್ನು, ಚಾಚಿದ ಕಾಲನ್ನು ದಾಟಬೇಡಿ.

ಹೆಚ್ಚು ಜನಕ್ಕೆ ಹೊಳೆಯದ ತಪ್ಪುಗಳು ಮನೆಗೆಲಸದಲ್ಲಿವೆ. ಸ್ಟ್ಯಾಂಡ್ ಫ್ಯಾನಿನ ಗುಂಡಿ ಬುಡದಲ್ಲಿರುತ್ತದೆ, ಹೆಬ್ಬೆರಳಲ್ಲಿ ಒತ್ತಿಬಿಡುವುದು ಸಹಜ. ಎರಡೂ ಕೈಯಲ್ಲಿ ಸಾಮಾನಿದ್ದರೆ ಬಾಗಿಲನ್ನು ಕಾಲಿನಿಂದ ತಳ್ಳುತ್ತೇವೆ. ಚೆಲ್ಲಿದ ನೀರಿನ ಮೇಲೆ ಬಟ್ಟೆ ಹಾಕಿ ಕಾಲಿನಿಂದ ಒರೆಸುತ್ತೇವೆ. ಬಿದ್ದ ವಸ್ತುವನ್ನು ಕಾಲಿನಿಂದ ತೋರಿಸುತ್ತೇವೆ. ಒಬ್ಬರೇ ಇದ್ದಾಗ ಥಾಯ್ ಜನರೂ ಇದನ್ನೆಲ್ಲ ಮಾಡುವುದುಂಟು, ಎದುರಿಗೆ ಜನ ಇದ್ದಾಗ ಮಾಡುವುದಿಲ್ಲ. ಉರುಳಿ ಹೋಗುವ ನಾಣ್ಯವನ್ನೂ ಹಾರುವ ನೋಟನ್ನೂ ಕಾಲಿನಿಂದ ತುಳಿದು ನಿಲ್ಲಿಸುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಅಲ್ಲಿನ ಹಣವಾದ ಬಾತ್‌ನ ನೋಟು ನಾಣ್ಯಗಳ ಮೇಲೆ ರಾಜರ ಚಿತ್ರವಿದೆ. ಹೋದರೆ ಹೋಗಲಿ, ಬಗ್ಗಿ ಕೈಯಲ್ಲಿ ಎತ್ತಿಕೊಳ್ಳಿ.

ಸಾಕ್ಸನ್ನು ಅಂಗಿಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸುವುದನ್ನು ಹಂಚಿಕೊಂಡ ಮನೆಯಲ್ಲಿ ಮಾಡಬೇಡಿ. ಚಪ್ಪಲಿಯ ಹೊಸ ಡಬ್ಬವಾದರೂ ಸರಿ, ಮೇಜಿನ ಮೇಲೆ, ಹಾಸಿಗೆಯ ಮೇಲೆ ಇಡಬೇಡಿ. ಪ್ರೀತಿಸಿದವರಿಗೆ ಚಪ್ಪಲಿ ಉಡುಗೊರೆ ಕೊಟ್ಟರೆ ಅವರು ಬಿಟ್ಟು ನಡೆದುಹೋಗುತ್ತಾರೆಂಬ ನಂಬಿಕೆಯೂ ಅಲ್ಲಿದೆ, ಹುಟ್ಟುಹಬ್ಬಕ್ಕೆ ಬೇರೇನಾದರೂ ಯೋಚಿಸಿ.

ಯಾವ ಜೋಡಿಗಳು ಬೇಕು

ಐದು ಜೋಡಿ ಸಾಕು. ದಿನಬಳಕೆಗೆ ಲೇಸಿಲ್ಲದ ಸ್ಲಿಪ್ ಆನ್. ಹೊರಗಿನ ಓಡಾಟಕ್ಕೆ ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್. ಕಚೇರಿಗೆ ಹಿಮ್ಮಡಿ ಮುಚ್ಚಿದ ಕಪ್ಪು ಶೂ. ಮಳೆಗೆ ರಬ್ಬರಿನದೋ ಇವಿಎ ಎಂಬ ಹಗುರ ಫೋಮಿನದೋ ಒಂದು. ಬಚ್ಚಲಿಗೆ ತೂತುಗಳಿರುವ ಪ್ಲಾಸ್ಟಿಕ್ ಚಪ್ಪಲಿ. ಕೊನೆಯದು ಬಚ್ಚಲು ಬಿಟ್ಟು ಆಚೆ ಬರಬಾರದು. ಅತಿಥಿಯಾಗಿ ಹೋದ ಮನೆಯಲ್ಲಿ ಬಚ್ಚಲ ಬಾಗಿಲಲ್ಲಿರುವ ಚಪ್ಪಲಿ ಎಲ್ಲರ ಬಳಕೆಗೆ, ಹಾಕಿಕೊಂಡು ಒಳಹೋಗಿ, ಹೊರಬರುವಾಗ ಅಲ್ಲೇ ಬಿಡಿ.

ಲೇಸಿನ ಶೂ ಬಿಡಲಾರದವರು ಅದಕ್ಕೆ ಎಲಾಸ್ಟಿಕ್ ಲೇಸ್ ಹಾಕಿಸಿ, ಉದ್ದ ಹಿಡಿಯ ಶೂಹಾರ್ನ್ ಬಾಗಿಲಲ್ಲಿ ತೂಗುಹಾಕಿ. ಹರಡಿನವರೆಗೆ ಬರುವ ಬೂಟು, ಬಕಲಿನ ಸ್ಯಾಂಡಲ್ ಊರಲ್ಲೇ ಇರಲಿ. ಕಳಚಲು ಸುಲಭವೆಂದು ಶೂವಿನ ಹಿಂಭಾಗವನ್ನು ತುಳಿದುಕೊಂಡು ನಡೆಯುವವರು ಅಲ್ಲಿ ಬಹಳ. ಆದರೆ ಎರಡೇ ತಿಂಗಳಿಗೆ ಹಿಂಭಾಗ ಮುರಿದು ಹಿಮ್ಮಡಿಗೆ ಹಿಡಿತ ತಪ್ಪುತ್ತದೆ, ಮೆಟ್ಟಿಲಿಳಿಯುವಾಗ ಹರಡು ಉಳುಕುತ್ತದೆ. ಹಾಗೆ ಬೇಕೆನಿಸಿದರೆ ಹಿಂಭಾಗವೇ ಇಲ್ಲದ ಮಾದರಿ ಕೊಳ್ಳಿ.

ಅಲ್ಲಿನ ರಬ್ಬರ್ ಹವಾಯಿ ಚಪ್ಪಲಿ, ಮುಖ್ಯವಾಗಿ ಆನೆ ಮತ್ತು ನಕ್ಷತ್ರದ ಗುರುತಿನ ಚಾಂಗ್ ದಾವ್, ಅಗ್ಗ ಮತ್ತು ಗಟ್ಟಿ. ಬೀದಿಗೆ, ಮಾರುಕಟ್ಟೆಗೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಸರ್ಕಾರಿ ಕಚೇರಿಗೆ, ವೀಸಾ ಕೆಲಸಕ್ಕೆ, ವಿಶ್ವವಿದ್ಯಾಲಯಕ್ಕೆ ಅದನ್ನು ಹಾಕಿಕೊಂಡು ಹೋದರೆ ಅಗೌರವವೆಂದು ಎಣಿಸುತ್ತಾರೆ. ಅಲ್ಲಿ ಸಭ್ಯತೆಯ ಅಳತೆ ಹಿಮ್ಮಡಿ: ಮುಚ್ಚಿದ್ದರೆ ಉತ್ತಮ, ಪಟ್ಟಿಯಿದ್ದರೆ ನಡೆದೀತು, ಬರಿದಾಗಿದ್ದರೆ ಮನೆಯ ವೇಷ. ಸಾವಿನ ಮನೆಗೆ ಕಪ್ಪು ಮುಚ್ಚಿದ ಶೂ. ಕುರ್ಚಿಯ ಸಾಲಿನಲ್ಲಿ ಹಾಕಿಕೊಂಡಿರಬಹುದು, ಮುಂದೆ ಹೋಗಿ ಮಂಡಿಯೂರುವಾಗ ಮುಂದಿನವರು ಮಾಡಿದಂತೆ ಮಾಡಿ.

ಅಳತೆಯ ಲೆಕ್ಕ ಬೇರೆ. ನಮ್ಮ ಅಂಗಡಿಗಳಲ್ಲಿ ಬ್ರಿಟಿಷ್ ಸಂಖ್ಯೆ, ಅಲ್ಲಿ ಯುರೋಪಿನದು. ಗಂಡಸರ 8 ಎಂದರೆ ಸುಮಾರು 42, 9 ಎಂದರೆ 43, 10 ಎಂದರೆ 44. ಹೆಂಗಸರ 5 ಎಂದರೆ 38, 6 ಎಂದರೆ 39. ಕಂಪನಿಯಿಂದ ಕಂಪನಿಗೆ ಅರ್ಧ ಸಂಖ್ಯೆ ಆಚೀಚೆಯಾಗುತ್ತದೆ, ಆದ್ದರಿಂದ ಸೆಂಟಿಮೀಟರ್ ನಂಬಿ. ಸಂಜೆ, ಕಾಲು ಊದಿಕೊಂಡಿರುವ ಹೊತ್ತಿಗೆ, ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಎರಡೂ ಕಾಲು ಅಳೆದು ದೊಡ್ಡದನ್ನು ತೆಗೆದುಕೊಳ್ಳಿ. ಮುಚ್ಚಿದ ಶೂವಿಗೆ ಇನ್ನೊಂದು ಸೆಂಟಿಮೀಟರ್‌ವರೆಗೆ ಸೇರಿಸಿ. ಶಾಪೀ, ಲಜಾಡಾದಂಥ ಆನ್‌ಲೈನ್ ಅಂಗಡಿಗಳ ಪಟ್ಟಿಯಲ್ಲಿ ಈ ಸೆಂಟಿಮೀಟರನ್ನೇ ಹೊಂದಿಸಿ ನೋಡಿ. ಗಂಡಸರಿಗೆ 45ರ ಮೇಲೆ, ಹೆಂಗಸರಿಗೆ 41ರ ಮೇಲೆ ಬೀದಿ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಪಾದ ಅಗಲವಿದ್ದರೆ ಇನ್ನೂ ಕಷ್ಟ. ಅಂಥವರು ಕಚೇರಿಯ ಶೂ ಎರಡು ಜೋಡಿ ಊರಿಂದಲೇ ಒಯ್ಯುವುದು ಮೇಲು.

ತೇವ, ಬೂಷ್ಟು, ಪುಡಿಯಾಗುವ ಅಟ್ಟೆ

ಊರಿಂದ ಒಯ್ದ ಒಳ್ಳೆಯ ಶೂ ಕಪಾಟಿನಲ್ಲಿ ಎರಡು ಮೂರು ವರ್ಷ ಇದ್ದು, ಮದುವೆಗೆಂದು ಹಾಕಿಕೊಂಡ ದಿನ ಅಟ್ಟೆ ರೊಟ್ಟಿಚೂರಿನಂತೆ ಉದುರುವುದು ಅಲ್ಲಿ ಸಾಮಾನ್ಯ. ಮೋಸದ ಮಾಲಲ್ಲ. ಪಾಲಿಯುರಿಥೇನ್ ಅಟ್ಟೆ ಗಾಳಿಯ ತೇವ ಮತ್ತು ಶಾಖ ಸೇರಿದಾಗ ಒಳಗಿನಿಂದಲೇ ಒಡೆಯುತ್ತ ಹೋಗುತ್ತದೆ. ಡಬ್ಬದಲ್ಲಿ ಮುಚ್ಚಿಟ್ಟಷ್ಟೂ ಬೇಗ. ಆಗಾಗ ಹಾಕಿ ನಡೆದರೆ ತೇವ ಹೊರಹೋಗಿ ಹೆಚ್ಚು ಬಾಳುತ್ತದೆ. ಕೊಳ್ಳುವಾಗ ರಬ್ಬರ್ ಅಥವಾ ಇವಿಎ ಅಟ್ಟೆ ಎಂದು ಕೇಳಿ, ಅವು ಹೀಗೆ ಪುಡಿಯಾಗುವುದಿಲ್ಲ. ಕೃತಕ ಚರ್ಮದ ಮೇಲ್ಪದರವೂ ಇದೇ ಕಾರಣಕ್ಕೆ ಸಿಪ್ಪೆ ಏಳುತ್ತದೆ. ಅಸಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ: ಹತ್ತು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ನೆರಳಿನ ಗಾಳಿಗಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಟ್ಟೆ ಬಿಟ್ಟರೆ ಬರಿ ಅಂಟು ಹಾಕಿಸದೆ ದಾರದಲ್ಲಿ ಹೊಲಿಸಿ. ಮಾರುಕಟ್ಟೆ ಬದಿಯ ರಿಪೇರಿಯವರು ಅಲ್ಲೇ ಕೂತು ಹೊಲಿದುಕೊಡುತ್ತಾರೆ. ಬರಿ ಅಂಟು ಮುಂದಿನ ಮಳೆಗೆ ಬಿಡುತ್ತದೆ.

ಒದ್ದೆಯಾದ ಶೂವನ್ನು ಬಿಸಿಲಿಗೆ ನೇರ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಒಳಗಿನ ಹಾಸು ತೆಗೆದು ಬೇರೆ ಒಣಗಿಸಿ, ವೃತ್ತಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಕೆಳಗಿಡಿ. ಒಂದೇ ಜೋಡಿಯನ್ನು ಎರಡು ದಿನ ಸಾಲಾಗಿ ಹಾಕಬೇಡಿ. ದಿನಕ್ಕೆ ಹತ್ತು ಸಲ ನಾಲ್ಕು ಜನರ ಮುಂದೆ ಕಳಚುವ ಊರಿನಲ್ಲಿ ವಾಸನೆ ಮುಚ್ಚಿಡಲಾಗದು. ಪಟಿಕದ ಹರಳನ್ನು ಒದ್ದೆ ಮಾಡಿ ಅಂಗಾಲಿಗೆ, ಬೆರಳ ಸಂದಿಗೆ ಉಜ್ಜಿ ಒಣಗಲು ಬಿಡಿ. ಅಲ್ಲಿ ಅದಕ್ಕೆ ‘ಸಾನ್ ಸೊಮ್’ ಎನ್ನುತ್ತಾರೆ, ಬೆವರಿನ ವಾಸನೆಗೆ ಅವರದೂ ಹಳೆಯ ಮದ್ದು. ತೂತು ಬಿದ್ದ ಸಾಕ್ಸ್ ಎಸೆಯಿರಿ.

ಬ್ಯಾಂಕಾಕಿನ ಫುಟ್‌ಪಾತಿನಲ್ಲಿ ಅಡಿಪಾಯ ಸಡಿಲವಾದ ಕಲ್ಲುಗಳಿರುತ್ತವೆ, ಮಳೆಯ ನಂತರ ತುಳಿದರೆ ಕೆಳಗಿನ ಕೊಳಕು ನೀರು ಮೀನಖಂಡದವರೆಗೆ ಚಿಮ್ಮುತ್ತದೆ. ಊರಿನವರೇ ಅವನ್ನು ನೆಲಬಾಂಬು ಎನ್ನುತ್ತಾರೆ. ಅಂಚು ಎದ್ದಿರುವ, ಸುತ್ತ ನೀರು ಜಿನುಗುವ ಕಲ್ಲು ಬಿಟ್ಟು ನಡೆಯಿರಿ. ಅಟ್ಟೆಯ ಗೆರೆಗಳು ಹಿಮ್ಮಡಿಯಲ್ಲಿ ಸವೆದು ನುಣುಪಾದ ಹವಾಯಿ ಚಪ್ಪಲಿ ಒದ್ದೆ ಟೈಲ್ಸಿನ ಮೇಲೆ ಜಾರುತ್ತದೆ, ಅದು ಎಸೆಯುವ ಹೊತ್ತು. ಬೈಕ್ ಟ್ಯಾಕ್ಸಿಯಲ್ಲಿ ಸಡಿಲ ಚಪ್ಪಲಿ ಉದುರಿಹೋಗುತ್ತದೆ, ಬಲಗಡೆಯ ಸೈಲೆನ್ಸರ್ ಬರಿಯ ಮೀನಖಂಡವನ್ನು ಸುಡುತ್ತದೆ. ಎಡಕ್ಕೇ ಇಳಿಯಿರಿ.

ಪಾದದ ಆರೋಗ್ಯ

ಗಟ್ಟಿ ಟೈಲ್ಸಿನ ಮೇಲೆ ದಿನವಿಡೀ ಬರಿಗಾಲಿದ್ದರೆ ಬೆಳಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚತೊಡಗುತ್ತದೆ. ಅಂಥವರು ಮನೆಯೊಳಗಿಗೆಂದೇ ಮೆತ್ತನೆಯ, ಕಮಾನಿಗೆ ಆಸರೆ ಕೊಡುವ ಒಂದು ಜೋಡಿ ಇಟ್ಟುಕೊಳ್ಳಬೇಕು. ಅದು ಹೊರಗಿನ ನೆಲ ಕಾಣಬಾರದು. ಬೇರೆಯವರ ಮನೆಗೆ ಒಯ್ಯುವುದಾದರೆ ಚೀಲದಿಂದ ತೆಗೆದು, ಅಟ್ಟೆ ಶುಚಿಯಾಗಿರುವುದನ್ನು ತೋರಿಸಿ, ಡಾಕ್ಟರು ಹೇಳಿದ್ದಾರೆಂದು ಅನುಮತಿ ಕೇಳಿ, ಒಪ್ಪದವರು ಅಪರೂಪ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಬಿಸಿ ಕಲ್ಲಿನ ಮೇಲೆ ಬರಿಗಾಲಿಡಲೇಬಾರದು, ಸುಟ್ಟದ್ದು ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ. ನಾಯಿ ಬೆಕ್ಕು ಓಡಾಡುವ ಕಡಲತೀರದ ಮರಳಲ್ಲಿ ಬರಿಗಾಲು ಬೇಡ, ಅವುಗಳ ಮಲದಿಂದ ಬರುವ ಕೊಕ್ಕೆಹುಳದ ಮರಿ ಚರ್ಮದಡಿ ಹಾದಿ ಕೊರೆಯುತ್ತದೆ.

ಮಳೆಗಾಲದಲ್ಲಿ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೆಚ್ಚಾಗಿ, ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಅದರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು ಅತಿ ಕೆಟ್ಟ ಉಪಾಯ. ಗಾಜಿನ ಚೂರು ಕಾಣುವುದಿಲ್ಲ, ಇಲಿಯ ಮೂತ್ರ ಬೆರೆತ ನೀರು ಸಣ್ಣ ಗಾಯದಿಂದಲೂ ಇಲಿಜ್ವರ ತರುತ್ತದೆ. ಮೊಣಕಾಲೆತ್ತರದ ರಬ್ಬರ್ ಬೂಟು ಕಚೇರಿಯಲ್ಲೊಂದು ಮನೆಯಲ್ಲೊಂದು ಇರಲಿ. ಇಸಾನ್‌ನ ಗದ್ದೆಗೆ ಇಳಿಯುವವರಿಗಂತೂ ಬೂಟು ಕಡ್ಡಾಯ, ಅಲ್ಲಿನ ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಮೆಲಿಯಾಯ್ಡೋಸಿಸ್ ಎಂಬ, ಜೀವಕ್ಕೇ ಎರವಾಗಬಲ್ಲ ಸೋಂಕು ಬರುತ್ತದೆ.

ನೀರಲ್ಲಿ ನಡೆದು ಬಂದ ಕೂಡಲೇ ಸೋಪು ಹಾಕಿ ತೊಳೆದು, ಬೆರಳ ಸಂದಿಗಳನ್ನು ಒಂದೊಂದಾಗಿ ಒಣಗಿಸಿ. ಸಂದಿ ಬೆಳ್ಳಗಾಗಿ ಕೆರೆಯತೊಡಗಿದರೆ ಅದು ನಮ್ಮ ಕೆಸರುಹುಣ್ಣೇ. ಕ್ಲೋಟ್ರಿಮಜೋಲ್ 1% ಮುಲಾಮು ಅಲ್ಲಿನ ಔಷಧ ಅಂಗಡಿಯಲ್ಲಿ ಸಿಗುತ್ತದೆ. ದಿನಕ್ಕೆರಡು ಸಲ, ತೊಳೆದು ಒಣಗಿಸಿದ ಮೇಲೆ ತೆಳ್ಳಗೆ ಹಚ್ಚಿ. ಒಂದು ವಾರಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ಮರಳಿ ಬರುತ್ತದೆ, ನಾಲ್ಕು ವಾರ ಪೂರ್ತಿ ಹಚ್ಚಬೇಕು. ನೀರಲ್ಲಿ ನಡೆದ ಮೂರು ನಾಲ್ಕು ವಾರದೊಳಗೆ ಜ್ವರ, ತಲೆನೋವು, ಮೀನಖಂಡದಲ್ಲಿ ಒತ್ತಿದರೆ ನೋವು ಕಾಣಿಸಿಕೊಂಡರೆ ಆಸ್ಪತ್ರೆಗೆ ಹೋಗಿ, ನಿಂತ ನೀರಲ್ಲಿ ನಡೆದಿದ್ದೆ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.